ಮೊದಲ ಬೊಗಸೆ

ನೀರಿಗೆ ಬಣ್ಣ ಬರಬೇಕು, ಬಂದ ಬಣ್ಣ ಅರ್ಧ ಗಂಟೆ ನಿಲ್ಲಬೇಕು. ನನ್ನ ನೌಕರಿಯ ವಿದ್ಯೆಯೆಲ್ಲ ಇಷ್ಟೇ. ಬಾವಿಗೆ ಲಾಲ್ ದವಾ ಎಂಬ ಹರಳಿನಂಥ ಪುಡಿ ಹಾಕುವುದು, ನೀರು ತಿಳಿಗುಲಾಬಿಯಾದ ಮೇಲೆ ಕಾಯುವುದು, ಅರ್ಧ ಗಂಟೆ ಕಳೆದರೂ ಗುಲಾಬಿಯಾಗಿಯೇ ಇದ್ದರೆ ಬಾವಿ ಶುದ್ಧವಾಯಿತೆಂದು ಪುಸ್ತಕದಲ್ಲಿ ಬರೆಯುವುದು. ಬಣ್ಣ ಹಾರಿಹೋದರೆ ಹೊಲಸು ಇನ್ನೂ ಉಳಿದಿದೆ ಎಂದರ್ಥ. ಮತ್ತೆ ಹಾಕಬೇಕು, ಮತ್ತೆ ಕಾಯಬೇಕು. ಇದನ್ನು ಕಲಿಯಲು ಶಾಣ್ಯಾತನ ಬೇಕಿಲ್ಲ. ಕಲಿತದ್ದನ್ನು ಹತ್ತು ಜನರೆದುರು ನಿಂತು ಮಾಡಲು ಸ್ವಲ್ಪ ಎದೆ ಬೇಕು. ಅದು ನನಗಿರಲಿಲ್ಲ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಕಡೆ ಆಗ ನಿಜಾಮರ ರಾಜ್ಯ. ನಾನು ಹುಮನಾಬಾದದಲ್ಲಿ ಆರೋಗ್ಯ ಖಾತೆಯ ನೌಕರ. ಜನ ನನ್ನನ್ನು ಸಫಾಯಿ ದರೋಗಾ ಎನ್ನುತ್ತಿದ್ದರು. ಕೆಲಸ ಕಲಿತದ್ದು ಹೈದರಾಬಾದಿನಲ್ಲಿ, ಮೂಸಿ ನದಿಯ ಉಸುಕಿನಲ್ಲಿ. ಅಷ್ಟು ದೊಡ್ಡ ಶಹರದ ನಡುವೆ ಹರಿಯುವ ಆ ನದಿ ಮಳೆಗಾಲದಲ್ಲಿ ಸೇತುವೆಗಳನ್ನು ಅಲುಗಿಸುತ್ತದೆ, ಬೇಸಿಗೆಯಲ್ಲಿ ಕಲ್ಲಂಗಡಿಯ ಹೊಲವಾಗುತ್ತದೆ. ಅಲ್ಲಿಯ ಹಳೆಯ ಮೇಸ್ತ್ರಿಯೊಬ್ಬರು ಕಾಲಿನಿಂದ ಉಸುಕು ಕೆದರಿ ನನಗೆ ಒಂದು ಪಾಠ ಹೇಳಿದ್ದರು: ನದಿ ಒಣಗಿದೆ ಎಂದು ನಂಬಬೇಡ, ಉಸುಕಿನ ಕೆಳಗೆ ಅದು ನಡೆಯುತ್ತಲೇ ಇರುತ್ತದೆ, ಮೇಲಿನವರು ಚೆಲ್ಲಿದ್ದು ಕೆಳಗಿನವರ ಕೊಡಕ್ಕೆ ಬರುತ್ತದೆ. ಆ ಮಾತನ್ನು ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಆ ಜಾತಿಯವನು ನಾನು.

ಹುಮನಾಬಾದದ ಹಳ್ಳ ಮೂಸಿಯ ಮುಂದೆ ಒಂದು ಮೋರಿ. ಆದರೆ ಸ್ವಭಾವ ಒಂದೇ. ಊರನ್ನು ಎರಡು ಭಾಗ ಮಾಡಿ ಹರಿಯುತ್ತಿತ್ತು. ಮಳೆಗಾಲದಲ್ಲಿ ಈಚೆಯ ಪೇಟೆಯವರು ಆಚೆಯ ಓಣಿಯವರನ್ನು ಕೂಗಿ ಕರೆಯಬೇಕು, ಬೇಸಿಗೆಯಲ್ಲಿ ಅದರೊಳಗೇ ಬಂಡಿ ನಡೆಯಬೇಕು. ಹರಿವು ನಿಂತ ಮೇಲೆ ಆಚೆ ದಂಡೆಯ ಜನ ಉಸುಕಿನಲ್ಲಿ ಮೊಣಕಾಲುದ್ದ, ಸೊಂಟದುದ್ದ ತಗ್ಗು ತೋಡುತ್ತಿದ್ದರು. ಅದಕ್ಕೆ ವರ್ತಿ ಎಂದು ಹೆಸರು. ತಳದಿಂದ ನೀರು ಒಸರುತ್ತದೆ. ಪರಟೆಯಿಂದ ಬಳಿದು ಬಳಿದು ಕೊಡ ತುಂಬಿಸಬೇಕು. ಊರ ಬಾವಿಗಳ ನೀರು ಸವಳು, ವರ್ತಿಯ ನೀರು ಸಿಹಿ. ಅದರಲ್ಲಿ ಬೇಳೆ ಬೇಗ ಬೇಯುತ್ತದೆ ಎಂದು ಪೇಟೆಯ ದೊಡ್ಡ ಮನೆಯವರೂ ಅಡಿಗೆಗೆ ಅದನ್ನೇ ತರಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಕಾಲರಾ ಬಂತು. ನಮ್ಮದು ದೊಡ್ಡ ಸಡಕಿನ ಮೇಲಿನ ಊರು. ಸರಕು ಬರುವ ದಾರಿಯಲ್ಲೇ ರೋಗವೂ ಬರುತ್ತಿತ್ತು. ಮೊದಲು ಮುಸಾಫಿರಖಾನೆಯಲ್ಲಿ ಇಳಿದಿದ್ದ ಇಬ್ಬರು ಬಂಡಿಯವರು ಮಲಗಿದರು, ಆಮೇಲೆ ಪೇಟೆಯ ಒಂದು ಮನೆ. ಡಾಕ್ಟರ್ ಸಾಹೇಬರು ಇದ್ದದ್ದು ಕಲ್ಯಾಣಿಯಲ್ಲಿ, ಈಗಿನ ಬಸವಕಲ್ಯಾಣದಲ್ಲಿ. ಅಲ್ಲಿಯೂ ರೋಗವಿತ್ತು, ಅವರು ಬರುವಂತಿರಲಿಲ್ಲ. ಮೋಟಾರಿನವನ ಕೈಯಲ್ಲಿ ಒಂದು ತಗಡಿನ ಡಬ್ಬಿ ಲಾಲ್ ದವಾ ಮತ್ತು ಒಂದು ಚೀಟಿ ಕಳಿಸಿದರು. ಬಾವಿಗಳಿಗೆಲ್ಲ ದವಾ ಹಾಕಿ. ಹಳ್ಳದ ವರ್ತಿಗಳಲ್ಲಿ ಸಣ್ಣವನ್ನು ಮುಚ್ಚಿಸಿ, ದೊಡ್ಡದೊಂದಕ್ಕೆ ದವಾ ಹಾಕಿ ನೋಡಿ. ಬಣ್ಣ ನಿಲ್ಲದಿದ್ದರೆ ಅದನ್ನೂ ಮುಚ್ಚಿಸಿ. ಚೀಟಿಯಲ್ಲಿ ಇದ್ದದ್ದು ಇಷ್ಟು, ಅರ್ಥವಾಗದ ಒಂದು ಅಕ್ಷರವೂ ಇರಲಿಲ್ಲ.

ನನಗೆ ಜೊತೆಗಿದ್ದವನು ಒಬ್ಬ ಚಪರಾಸಿ. ಕಲ್ಯಾಣಿಯವನು, ಐವತ್ತು ದಾಟಿದ ಮುಸಲ್ಮಾನ. ಬಾವಿಗೆ ಬಕೆಟ್ ಇಳಿಸುವುದರಲ್ಲಿ ನನಗಿಂತ ಪಳಗಿದ ಕೈ. ಬಾವಿಗಳ ಕೆಲಸ ನಾಲ್ಕು ದಿನ ಹಿಡಿಯಿತು. ನೀರಿನ ಆಳ ಅಗಲ ಅಳೆದು ಎಷ್ಟು ಪುಡಿ ಎಂದು ಲೆಕ್ಕ ಹಾಕುವುದು, ಬಕೆಟ್ಟಿನಲ್ಲಿ ಕೋಲಿನಿಂದ ಕಲಸಿ ಮೇಲಿನ ಕೆಂಪು ನೀರನ್ನಷ್ಟೇ ಸುರಿಯುವುದು, ತಳದಲ್ಲಿ ಉಳಿದ ಹರಳಿಗೆ ಮತ್ತೆ ನೀರು ಹಾಕಿ ಕಲಸುವುದು, ಕೊನೆಗೆ ಖಾಲಿ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಮುಳುಗಿಸಿ ಎಬ್ಬಿಸಿ ಕಲಕುವುದು. ಒಂದು ಮನೆಯವರು ಬೈದರು, ಇನ್ನೊಂದು ಮನೆಯವರು ಬಾಗಿಲೇ ತೆಗೆಯಲಿಲ್ಲ. ದರ್ಗಾದ ತೋಟದಲ್ಲಿ ಮೆಟ್ಟಿಲಿಳಿದು ಹೋಗುವ ಒಂದು ದೊಡ್ಡ ಬಾವಡಿ ಇತ್ತು. ದರ್ಗಾ ನೋಡಿಕೊಳ್ಳುವ ಮುಜಾವರ ಮಾತ್ರ ತಾನೇ ಹಗ್ಗ ಹಿಡಿದ. ಆ ಬಾವಡಿಯ ನೀರಿಗೆ ಹತ್ತಿದ ಗುಲಾಬಿ ಸಂಜೆಯವರೆಗೂ ನಿಂತಿತು. ಯಾವ ಜಾತಿಯವರು ಬಂದರೂ ತುಂಬಿಕೊಳ್ಳಲಿ ಎಂದು ಅವನು ಹೇಳಿದ. ಆದರೆ ಅದು ಹಳ್ಳದಿಂದ ಅರ್ಧ ಮೈಲಿ, ದಾರಿಯೆಲ್ಲ ಏರು, ನೀರು ಸವಳು.

ಐದನೆಯ ದಿನ ಹಳ್ಳಕ್ಕೆ ಇಳಿದೆ. ವರ್ತಿಗಳು ಹನ್ನೊಂದಿದ್ದವು. ಅಗಸರ ಓಣಿಯ ಕೆಳಗಿನದು ಎಲ್ಲಕ್ಕಿಂತ ದೊಡ್ಡದು, ಸುತ್ತ ಕಲ್ಲು ಕಟ್ಟಿದ್ದರು. ಅದರ ಹಿರಿತನ ಅಗಸರ ಒಬ್ಬ ಮುದುಕಿಯದು. ಓಣಿಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನ ಬಟ್ಟೆ ಒಗೆಯುವ ಮನೆಯೂ ಅವಳದೇ. ಸಣ್ಣ ಹತ್ತು ಮುಚ್ಚಿಸುತ್ತೇನೆ, ಇದೊಂದನ್ನು ಶುದ್ಧ ಮಾಡಿ ಕೊಡುತ್ತೇನೆ, ಎಲ್ಲರೂ ಇಲ್ಲೇ ತುಂಬಿಕೊಳ್ಳಿ ಎಂದು ವಿವರಿಸಿದೆ. ಅವಳು ಎಲ್ಲ ಕೇಳಿಸಿಕೊಂಡಳು.

"ಮುಚ್ಚಸ್ರಿ ಸಾಬ್ರ, ಬ್ಯಾಡ ಅನ್ನಂಗಿಲ್ಲ. ಇದ್ರಾಗ ದವಾನೂ ಹಾಕ್ರಿ. ಆದ್ರ ವರ್ತಿಗೆ ಕೈ ಹಾಕ್ದಾವ್ರು ಮದಲ ಬೊಗಸಿ ಕುಡೀಬೇಕು. ನಮ್ಮ ಹಳ್ಳದ ರೀತಿ ಅದ."

"ನಾನೂ ಕುಡೀಬೇಕಾ ಆಯಿ?"

"ನೀವೇನು ಮ್ಯಾಲಿಂದ ಇಳದೀರೇನ್ರಿ? ನಮ್ಮ ಮಾವ ತೋಡಿದಾಗ ಅಂವ ಕುಡದ. ಕಲ್ಲ ಕಟ್ಟಿದ ವಡ್ಡರಾವ ಕುಡದ. ನೀವೂ ಕುಡೀರಿ, ಆಮ್ಯಾಲ ನಾವು."

ನಕ್ಕು ಒಪ್ಪಿದೆ. ಮೊದಲ ಬೊಗಸೆ ನೀರಿಗೆ ಕೈ ಹಾಕಿದವನದು, ಎರಡನೆಯದು ಓಣಿಗೆ ಹೊಸದಾಗಿ ಬಂದ ಸೊಸೆಯದು, ಆಮೇಲೆ ಉಳಿದವರ ಕೊಡ. ನೀರಿಗೆ ಏನಾದರೂ ಮಾಡಿದವನು ಊರಿಗೆ ಕುಡಿಸುವ ಮೊದಲು ತಾನು ಕುಡಿಯಲಿ ಎಂಬುದು ಅದರ ಅರ್ಥ. ನಮ್ಮ ಖಾತೆಯ ಕಾಯಿದೆಗಳಲ್ಲಿ ಇಷ್ಟು ಬುದ್ಧಿಯ ಮಾತನ್ನು ನಾನು ಓದಿಲ್ಲ. ಅವತ್ತು ಸಂಜೆಯೊಳಗೆ ಹತ್ತು ವರ್ತಿಗಳನ್ನು ಮುಚ್ಚಿಸಿದೆ. ಯಾರೂ ಗಲಾಟೆ ಮಾಡಲಿಲ್ಲ, ಆಯಿ ಒಪ್ಪಿದ್ದಳಲ್ಲ.

ಮರುದಿನ ಬೆಳಿಗ್ಗೆ ಹೋದಾಗ ಉಸುಕಿನ ಮೇಲೆ ಕೊಡಗಳ ಸಾಲು ಹಚ್ಚಿ ಹೆಂಗಸರು ಕೂತಿದ್ದರು. ಅಗಸರು, ಕುಂಬಾರರು, ಆಚೆ ದಂಡೆಯ ಮುಸಲ್ಮಾನರ ಮನೆಯವರು, ಎಲ್ಲರೂ. ಚಪರಾಸಿ ವರ್ತಿಯ ಹಳೆಯ ನೀರನ್ನೆಲ್ಲ ಬಳಿದು ಚೆಲ್ಲಿದ. ಹೊಸ ನೀರು ಗೇಣುದ್ದ ಒಸರಿದ ಮೇಲೆ ದವಾ ಸುರಿದೆವು. ಗಾಜಿನ ಲೋಟದಲ್ಲಿ ಒಂದಿಷ್ಟು ನೀರು ತೆಗೆದು ಬಿಳಿ ಬಟ್ಟೆಯ ಮೇಲಿಟ್ಟೆ, ಬಣ್ಣ ನೋಡಲು. ಎಷ್ಟು ಚಂದದ ಗುಲಾಬಿ! ಹೆಂಗಸರು ಎದ್ದು ಬಂದು ಬಗ್ಗಿ ನೋಡಿದರು. ಗಡಿಯಾರ ಹಿಡಿದು ಬೇವಿನ ಮರದ ಕೆಳಗೆ ಕೂತೆ.

ಹತ್ತು ನಿಮಿಷಕ್ಕೆ ಗುಲಾಬಿ ಮಾಸಿತು. ಹದಿನೈದಕ್ಕೆ ಹುಲ್ಲಿನ ಬಣ್ಣ. ಇಪ್ಪತ್ತಕ್ಕೆ ಲೋಟದ ತಳದಲ್ಲಿ ಕಂದು ಗಸಿ, ಮೇಲೆ ಬರೀ ನೀರು. ಮತ್ತೆ ಹಾಕಿದೆವು, ಮೊದಲಿಗಿಂತ ಹೆಚ್ಚು. ಅದೂ ಹಾಗೇ ಹಾರಿತು. ಬಾವಿಗಳಲ್ಲಿ ಹೀಗೆ ಆಗಿರಲಿಲ್ಲ. ಇಷ್ಟು ಬೇಗ ಬಣ್ಣ ತಿನ್ನಬೇಕಾದರೆ ಆ ನೀರಿಗೆ ಎಲ್ಲಿಂದಲೋ ಹೊಲಸು ಬರುತ್ತಲೇ ಇದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಹಳ್ಳದ ಮೇಲ್ಗಡೆಗೆ ನೂರು ಹೆಜ್ಜೆ ನಡೆದು ನೋಡಬೇಕಿತ್ತು. ಚೀಟಿಯ ಪ್ರಕಾರ ವರ್ತಿಯನ್ನು ಅಲ್ಲೇ ಮುಚ್ಚಿಸಬೇಕಿತ್ತು.

ಆದರೆ ಬಿಸಿಲು ಏರಿತ್ತು. ಹಿಂದಿನ ದಿನ ಹತ್ತು ವರ್ತಿ ಮುಚ್ಚಿಸಿದವನು ನಾನೇ, ಇದೊಂದನ್ನು ಕೊಡುತ್ತೇನೆಂದು ಮಾತು ಕೊಟ್ಟವನೂ ನಾನೇ. ಈಗ ಇದನ್ನೂ ಮುಚ್ಚುತ್ತೇನೆ, ಏರು ಹತ್ತಿ ಬಾವಡಿಗೆ ಹೋಗಿ ಎಂದು ಅಷ್ಟು ಜನ ಹೆಂಗಸರಿಗೆ ಹೇಳುವ ಮುಖ ನನಗಿರಲಿಲ್ಲ. ಡಬ್ಬಿಯಲ್ಲಿ ದವಾ ಕೂಡ ತಳ ಕಂಡಿತ್ತು.

"ಇನ್ನ ಎಷ್ಟೊತ್ತ್ರಿ ಸಾಬ್ರ? ಕೂಸುಗೋಳು ನೀರಡಿಸಿ ಅಳಾಕತ್ತಾವ," ಎಂದಳು ಆಯಿ. "ಕುಡೀರಿ, ಮುಗಸ್ರಿ."

ಆ ನೀರನ್ನು ಕುಡಿಯಲು ನನಗೆ ಭಯವಾಯಿತು. ಇದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ಸುಳ್ಳಾಗುತ್ತದೆ. ಮುಸಾಫಿರಖಾನೆಯ ಬಂಡಿಯವರು ಹೇಗೆ ಒಣಗಿ ಸತ್ತರು ಎಂದು ನಾನು ಹತ್ತಿರದಿಂದ ನೋಡಿದ್ದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವವರಿಗೆ ಆ ಗಳಿಗೆಯಲ್ಲಿ ಎಷ್ಟು ಬೇಗ ಉಪಾಯ ಹೊಳೆಯುತ್ತದೆ! ಮರದ ಕೆಳಗೆ ನನ್ನ ಹಿತ್ತಾಳೆ ತಂಬಿಗೆ ಇತ್ತು. ಮನೆಯಿಂದ ಕುದಿಸಿ ತಂದ ನೀರು. ಪುಸ್ತಕ ಬರೆಯುವವನಂತೆ ಆ ಕಡೆ ಬೆನ್ನು ತಿರುಗಿಸಿ ಕೂತು ಅದರೊಳಗೆ ಒಂದೆರಡು ಹರಳು ಹಾಕಿ ಅಲ್ಲಾಡಿಸಿದೆ. ಎದ್ದು ಬಂದು, ಇದು ಎರಡನೆಯ ಸಲ ದವಾ ಹಾಕಿದಾಗ ವರ್ತಿಯಿಂದ ತೆಗೆದಿಟ್ಟ ನೀರು, ವರ್ತಿಯಲ್ಲಿ ಬಣ್ಣ ಇಳಿದಿದ್ದರೂ ದವಾ ಉಳಿದಿದೆ ಎಂದೆ. ತಂಬಿಗೆಯನ್ನು ಚಪರಾಸಿಯ ಕೈಗೆ ಕೊಟ್ಟೆ. ಅವನು ಒಂದು ಸಲ ನನ್ನ ಮುಖ ನೋಡಿದ. ಆ ತಂಬಿಗೆಗೆ ವರ್ತಿಯ ಒಂದು ಹನಿಯೂ ಬಿದ್ದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಬೊಗಸಿಲೆ ಕುಡೀರಿ," ಎಂದಳು ಆಯಿ.

ಬೊಗಸೆ ಒಡ್ಡಿದೆ. ಚಪರಾಸಿ ಸುರಿದ. ಗುಲಾಬಿ ನೀರು ಮೊಣಕೈ ತನಕ ಇಳಿಯಿತು, ಎಲ್ಲರಿಗೂ ಕಾಣುವ ಹಾಗೆ ಗಟಗಟ ಕುಡಿದೆ. ಹೆಂಗಸರು ಹೋ ಎಂದರು. ಆಮೇಲೆ ಹೊಸ ಸೊಸೆಯನ್ನು ಮುಂದೆ ನೂಕಿದರು. ಅವಳು ಆಯಿಯ ಸ್ವಂತ ಸೊಸೆ, ಹೋದ ವರ್ಷ ಕೊಹಿನೂರು ಎಂಬ ಹಳ್ಳಿಯಿಂದ ತಂದವಳು, ಹದಿನೇಳೋ ಹದಿನೆಂಟೋ ಇರಬಹುದು. ಸೆರಗು ಸರಿಸಿ ಬಗ್ಗಿ ವರ್ತಿಯಿಂದಲೇ ಬೊಗಸೆ ತುಂಬಿ ಕುಡಿದಳು.

"ದವಾದ ನಾತನ ಇಲ್ಲ ಆಯಿ," ಎಂದಳು ನಗುತ್ತ. "ಸಿಹಿ ಅದ."

ಅವಳ ಮಾತಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ. ದವಾದ ವಾಸನೆ ಯಾಕಿಲ್ಲ ಎಂದು ಅಲ್ಲಿ ಗೊತ್ತಿದ್ದವರು ಇಬ್ಬರೇ. ನಾನು ಬಾಯಿ ತೆಗೆಯಲಿಲ್ಲ. ಚಪರಾಸಿ ನನ್ನ ಕೈಕೆಳಗಿನವನು, ಅವನು ತೆಗೆಯುವಂತಿರಲಿಲ್ಲ. ಪುಸ್ತಕದಲ್ಲಿ 'ದೊಡ್ಡ ವರ್ತಿ, ಬಣ್ಣ ನಿಂತಿತು' ಎಂದು ಬರೆದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಚೆನ್ನಾಗಿಯೇ ನಿದ್ದೆ ಬಂತು.

ಎರಡು ದಿನ ನನ್ನನ್ನು ಹಿಡಿಯುವವರಿರಲಿಲ್ಲ. ಪೇಟೆಯಲ್ಲಿ ಕಂಡವರು, ಹೆಂಗಸರ ಕೂಡ ಉಸುಕಿನಲ್ಲಿ ನಿಂತು ವರ್ತಿ ನೀರು ಕುಡಿದ ದರೋಗಾ ಎಂದು ಕೈ ಮುಗಿದರು. ಮೂರನೆಯ ದಿನ ಬೆಳಿಗ್ಗೆ ಚಪರಾಸಿ ಓಡಿ ಬಂದ. ಅಗಸರ ಓಣಿಯಲ್ಲಿ ವಾಂತಿ ಭೇದಿ ಸುರುವಾಗಿತ್ತು. ಮೊದಲು ಬಿದ್ದವಳು ಆಯಿಯ ಸೊಸೆ.

ನಾನು ಹೋದಾಗ ಅವಳ ಕಣ್ಣು ಒಳಗೆ ಹೋಗಿದ್ದವು, ಬೆರಳ ತುದಿಗಳು ನೀರಿನಲ್ಲಿ ನೆನೆದ ಹಾಗೆ ಸುಕ್ಕುಗಟ್ಟಿದ್ದವು. ಉಪ್ಪು ಹಾಕಿದ ಗಂಜಿತಿಳಿ ಕುಡಿಸಿದೆ, ಕುಡಿಸಿದ್ದು ನಿಲ್ಲಲಿಲ್ಲ. ಕಲ್ಯಾಣಿಯಿಂದ ಡಾಕ್ಟರನ್ನು ಕರೆಸಲು ಅವತ್ತಿನ ಮೋಟಾರು ಹೋಗಿಬಿಟ್ಟಿತ್ತು. ಅವಳ ಗಂಡ ಗೋಡೆಗೆ ಆತು ನಿಂತು, ಕುಡಿಸ್ರಿ ಸಾಬ್ರ, ಇನ್ನಷ್ಟು ಕುಡಿಸ್ರಿ ಎನ್ನುತ್ತಲೇ ಇದ್ದ. ಹೊತ್ತು ಮುಳುಗುವ ಮೊದಲೇ ಅವಳು ಹೋದಳು.

ಹೊರಗೆ ಬಂದು ಕಟ್ಟೆಯ ಮೇಲೆ ತಲೆ ಹಿಡಿದು ಕೂತೆ. ಆಯಿ ಅದನ್ನು ನೋಡಿದಳು. ಸೊಸೆಯ ಹೆಣ ಒಳಗಿರುವಾಗ ಅವಳು ಬಂದು ನನಗೆ ಸಮಾಧಾನ ಹೇಳಿದಳು.

"ಮನಸಿಗಿ ಹಚ್ಚಿಕೋಬ್ಯಾಡ್ರಿ ಸಾಬ್ರ. ನೀರಿಂದ ಆಗಿದ್ದಲ್ಲ ಇದು. ನೀವ ಕುಡದೀರಲ್ಲ, ನಿಮಗೇನಾಗ್ಯದ? ದೇವಿ ಸಿಟ್ಟಿದು, ಮತ್ತೇನಲ್ಲ."

ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಕೊನೆಗೂ ಹಳ್ಳದ ಮೇಲ್ಗಡೆಗೆ ನಡೆದೆ. ತಿರುವಿನಲ್ಲಿ ಒಂದು ಬಂಡೆ, ಬಂಡೆಯ ಹಿಂದೆ ಒಗೆಯುವ ಗುಂಡಿ. ವರ್ತಿಯಿಂದ ಎಂಬತ್ತು ಹೆಜ್ಜೆ ಇದ್ದೀತು. ಉಸುಕಿನ ಮೇಲೆ ದೊಡ್ಡ ದೊಡ್ಡ ಚಾದರುಗಳು ಒಣಗುತ್ತಿದ್ದವು. ಆಯಿಯ ಮೈದುನನ ಮಗ ಅವನ್ನು ಮಡಚುತ್ತಿದ್ದ. ಯಾರ ಮನೆಯವು ಎಂದು ಕೇಳಿದೆ.

"ಮುಸಾಫಿರಖಾನಿ ಅರವಿ ಅವ್ರಿ. ಆ ಬಂಡಿಯವರು ಬಿದ್ದಾಗಿಂದ ದಿನಾ ಬರಾಕತ್ತಾವ."

"ಇಲ್ಲಿ ಒಗೀತೀವಂತ ನನಗ ಯಾಕ ಹೇಳ್ಲಿಲ್ಲೋ?"

"ನೀವೆಲ್ಲಿ ಕೇಳಿದ್ರಿ? ಕುಡಿಯೋ ವರ್ತಿ ಎಷ್ಟವ ಅಂತ ಕೇಳಿದ್ರಿ, ಹೇಳೇವಿ. ಒಗಿಯೋ ಗುಂಡಿ ಎಲ್ಲದ ಅಂತ ಯಾರ ಕೇಳ್ಯಾರ?"

ಅವನ ಮಾತು ಖರೆ. ಸತ್ತವರ ಚಾದರು ಒಗೆದ ನೀರು ಉಸುಕಿನ ಕೆಳಗೆ ನಡೆದು ದೊಡ್ಡ ವರ್ತಿಗೆ ಬರುತ್ತಿತ್ತು. ಅವರು ತಮ್ಮ ಕಸುಬು ಮಾಡಿದರು. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡುವ ಕಸುಬು ನನ್ನದಾಗಿತ್ತು. ಒಗೆಯುವ ಗುಂಡಿಯನ್ನು ಆವತ್ತೇ ಬಿಡಿಸಿದೆ, ಹಳ್ಳದ ಕೆಳತುದಿಗೆ ಕಳಿಸಿದೆ. ಆದರೆ ಉಸುಕಿಗೆ ಇಳಿದದ್ದು ಇಳಿದಿತ್ತು, ಅದು ಹೋಗಲು ದಿನಗಳು ಬೇಕು. ಅಲ್ಲಿಯವರೆಗೆ ವರ್ತಿ ಮುಚ್ಚಲೇಬೇಕು.

ಮುಚ್ಚಲು ಹೋದರೆ ಜನ ಬಿಡಲಿಲ್ಲ. ನೀವೇ ಕುಡಿದಿರಿ, ಗಟ್ಟಿಮುಟ್ಟಾಗಿ ನಿಂತಿದ್ದೀರಿ, ಮತ್ತೆ ನೀರಿನದೇನು ತಪ್ಪು ಎಂದು ಒಬ್ಬೊಬ್ಬರೂ ನನ್ನ ಮೈಯನ್ನೇ ಬೆರಳು ಮಾಡಿ ತೋರಿಸಿದರು. ಉಸುಕಿನ ಕೆಳಗೆ ನೀರು ನಡೆಯುವುದನ್ನು ಕೋಲಿನಿಂದ ಗೀರಿ ತೋರಿಸಿದೆ. ತಲೆಯಾಡಿಸಿದರು, ನಂಬಲಿಲ್ಲ. ನಾನೂ ಚಪರಾಸಿಯೂ ಸನಿಕೆ ಹಿಡಿದು ಮುಚ್ಚಿದೆವು. ಮರುದಿನ ಬೆಳಿಗ್ಗೆ ಮತ್ತೆ ತೋಡಿದ್ದರು. ಪೊಲೀಸ್ ಜಮಾದಾರನನ್ನು ಕರೆತಂದು ನಿಲ್ಲಿಸಿದೆ. ಅವನು ಊಟಕ್ಕೆ ಹೋದಾಗ ತುಂಬಿಕೊಂಡರು. ಆಮೇಲೆ ನೋಡಿದರೆ ಜಮಾದಾರನ ಮನೆಯ ಕೊಡವೂ ಸಾಲಿನಲ್ಲಿತ್ತು. ಕುಂಬಾರರಲ್ಲಿ ಒಬ್ಬ ಬಿದ್ದ, ಆಚೆ ದಂಡೆಯಲ್ಲಿ ತಾಯಿ ಮಗಳು ಬಿದ್ದರು. ನನ್ನ ಆರೋಗ್ಯವೇ ಆ ನೀರಿಗೆ ಕೊಟ್ಟ ಸರ್ಟಿಫಿಕೇಟಾಗಿತ್ತು. ನಾನು ಬದುಕಿ ಓಡಾಡಿದಷ್ಟೂ ಜನ ಕುಡಿಯುತ್ತಿದ್ದರು.

ಹೆದರಿ ಮೋಟಾರು ಹತ್ತಿ ಕಲ್ಯಾಣಿಗೆ ಹೋದೆ. ದವಾಖಾನೆಯ ಅಂಗಳದ ತುಂಬ ರೋಗಿಗಳು. ಡಾಕ್ಟರ್ ಸಾಹೇಬರು ಎರಡು ದಿನದಿಂದ ಕೂತಂತಿರಲಿಲ್ಲ. ಜನ ವರ್ತಿ ಬಿಡುತ್ತಿಲ್ಲ, ಇನ್ನೂ ನಾಲ್ಕು ಪೊಲೀಸರನ್ನು ಕೊಡಿಸಿ ಎಂದೆ. ಅವರು ಉರ್ದುವಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ದವಾ ಹಾಕಿದ ದಿನ ಬಣ್ಣ ನಿಂತಿತ್ತೇ?

ನಿಂತಿತ್ತು ಎಂದೆ.

ಹಾಗಾದರೆ ನೀರಿನಿಂದಲ್ಲ, ನೊಣದಿಂದ ಇರಬೇಕು, ಸುಣ್ಣ ಹಾಕಿಸಿ ಎಂದು ಎರಡು ಚೀಲ ಸುಣ್ಣಕ್ಕೆ ಚೀಟಿ ಬರೆದುಕೊಟ್ಟು ಅವರು ಒಳಗೆ ಹೋದರು. ಆ ಚೀಟಿ ಹಿಡಿದು ಕೋಟೆಯ ಮುಂದಿನ ರಸ್ತೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ನನ್ನ ಸುಳ್ಳು ಈಗ ಡಾಕ್ಟರರ ಬುದ್ಧಿಯನ್ನೂ ದಾರಿ ತಪ್ಪಿಸಿತ್ತು. ಹಿಂದಿರುಗಿ ಒಳಗೆ ಹೋಗಲು ಇಪ್ಪತ್ತು ಹೆಜ್ಜೆ ಸಾಕಿತ್ತು. ಮೋಟಾರಿನವನು ಕೂಗಿದ, ಹೋಗಿ ಹತ್ತಿದೆ.

ಮರುದಿನ ಮುಂಜಾನೆ ಚಪರಾಸಿ ನನ್ನ ಮನೆಗೆ ಬಂದ. ಯಾವತ್ತೂ ಹೊಸ್ತಿಲು ದಾಟದವನು ಒಳಗೆ ಬಂದು ನೆಲದ ಮೇಲೆ ಕೂತ.

"ಸಾಬ್, ಒಂದ ಮಾತ ಹೇಳ್ಲೇನ್ರಿ? ಆ ತಂಬಗಿ ನಾನ ಅದಲಬದಲ ಮಾಡೇನಿ ಅಂತ ನಾ ಹೇಳ್ತೀನಿ. ಸಾಬ್ರಿಗಿ ಗೊತ್ತಿರಲಿಲ್ಲ, ನಾ ಮನೀ ನೀರ ಕೊಟ್ಟೆ, ಅವ್ರು ಕುಡದ್ರು ಅಂತ. ಹೊಡದ್ರ ನನಗ ಹೊಡೀತಾರ. ನೌಕರಿ ಹೋದ್ರ ನಂದು ಹೋಗ್ತದ. ಇನ್ನೇನು ಎರಡ ವರ್ಷದಾಗ ಬಿಡೋದ ಅದ. ಆ ನೀರ ಬಂದ್ ಆಗಬೇಕ್ರಿ ಸಾಬ್. ಬ್ಯಾರೆ ದಾರಿ ಇಲ್ಲ."

ನಾನು ಬೇಡ ಎನ್ನಲಿಲ್ಲ. ಬರೆಯುವಾಗ ಇಲ್ಲಿ ಎರಡು ಸಲ ಲೇಖನಿ ಕೆಳಗಿಟ್ಟಿದ್ದೇನೆ. ಮಾಡಿದ ಮೋಸಕ್ಕಿಂತ ಆ ಮೌನದ ನೆನಪೇ ನನಗೆ ಹೆಚ್ಚು ನಾಚಿಕೆ ತರುತ್ತದೆ. ಅವನು ಸ್ವಲ್ಪ ಹೊತ್ತು ಕಾದು, ನನ್ನ ಮೌನವನ್ನು ಹುಕುಂ ಎಂದೇ ತಿಳಿದು, ಸಲಾಂ ಮಾಡಿ ಎದ್ದು ಹೋದ. ಅವನ ಹೆಜ್ಜೆಯ ಸಪ್ಪಳ ಓಣಿಯ ಕೊನೆಯವರೆಗೆ ಕೇಳಿಸಿತು. ಅಲ್ಲಿಯವರೆಗೂ ನಾನು ಕೂತೇ ಇದ್ದೆ. ಆಮೇಲೆ ಹೇಗೆ ಎದ್ದೆನೋ ತಿಳಿಯದು, ಬರಿಗಾಲಲ್ಲಿ ಓಡಿದೆ.

ಹಳ್ಳಕ್ಕೆ ಇಳಿದಾಗ ಅವನು ಹೆಂಗಸರ ಎದುರಿಗೆ ನಿಂತಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಆಯಿ, ನಂದೊಂದು ತಪ್ಪಾಗ್ಯದ," ಎಂದು ಸುರು ಮಾಡಿದ್ದ. ಆಯಿ ಕೊಡ ಕೆಳಗಿಟ್ಟು ಕೇಳುತ್ತಿದ್ದಳು. ಮನೆಯಲ್ಲಿ ಸಾವಾಗಿ ವಾರವೂ ಆಗಿರಲಿಲ್ಲ. ನೀರು ತರಲು ಮತ್ತೊಬ್ಬರಿಲ್ಲವೆಂದು ಅವಳೇ ಬಂದಿದ್ದಳು.

"ಅವನದಲ್ಲ," ಎಂದೆ. ಓಡಿ ಬಂದದ್ದಕ್ಕೆ ಉಸಿರು ಸಿಗುತ್ತಿರಲಿಲ್ಲ. "ಅವನದಲ್ಲ ಆಯಿ, ನನ್ನ ತಪ್ಪು. ಅವತ್ತು ಬಣ್ಣ ನಿಂದ್ರಲಿಲ್ಲ. ಈ ನೀರು ಕುಡೀಲಿಕ್ಕೆ ನಾ ಹೆದರಿದೆ. ಮನಿಯಿಂದ ಕುದಿಸಿ ತಂದ ನೀರಿಗೆ ದವಾ ಹಾಕಿ ಕುಡದೆ. ಈ ವರ್ತಿದು ನಾ ಒಂದು ಹನೀನೂ ಕುಡದಿಲ್ಲ. ಅದಕ್ಕ ನಾ ಬದಕೀನಿ."

ಹೊಡೆಯುತ್ತಾರೆ ಎಂದುಕೊಂಡೆ; ಹೊಡೆದರೆ ಒಳ್ಳೆಯದಿತ್ತು. ಒಬ್ಬ ಹೆಂಗಸು ತುಂಬಿದ ಕೊಡವನ್ನು ಸಾವಕಾಶ ಬಗ್ಗಿಸಿ ಉಸುಕಿಗೆ ಸುರಿದಳು. ಇನ್ನೊಬ್ಬಳು ತನ್ನ ಕೂಸಿನ ಬಾಯಿಯನ್ನು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು.

ಆಯಿ ನನ್ನನ್ನೇ ನೋಡುತ್ತಿದ್ದಳು. ಏನನ್ನೋ ಲೆಕ್ಕ ಹಾಕುವವಳಂತೆ ತುಟಿ ಅಲುಗುತ್ತಿದ್ದವು. ಕೊನೆಗೆ ಬೈಯಲಿಲ್ಲ, ದನಿಯನ್ನೂ ಎತ್ತರಿಸಲಿಲ್ಲ.

"ನೀವು ಕುಡದಿಲ್ಲಂದ್ರ, ಮದಲ ಬೊಗಸಿ ನನ್ನ ಸೊಸಿ ಕುಡದಂಗಾತಲ್ರಿ ಸಾಬ್ರ."

ಇಷ್ಟು ಹೇಳಿ ಕೊಡ ಎತ್ತಿಕೊಂಡು, ಬಾವಡಿಯ ಏರಿನ ಕಡೆಗೆ ಹೊರಟಳು. ಉಳಿದವರು ಒಬ್ಬೊಬ್ಬರಾಗಿ ಅವಳ ಹಿಂದೆ ನಡೆದರು. ಆ ವರ್ತಿಗೆ ಆಮೇಲೆ ಪೊಲೀಸರು ಬೇಕಾಗಲಿಲ್ಲ. ನಾನೂ ಚಪರಾಸಿಯೂ ಮುಚ್ಚಿದೆವು, ಯಾರೂ ತೋಡಲಿಲ್ಲ. ಆ ಬಿಸಿಲಿನಲ್ಲಿ ಮುದುಕಿಯರೂ ಬಸುರಿಯರೂ ದಿನಕ್ಕೆ ಎರಡು ಸಲ ಅರ್ಧ ಮೈಲಿ ಏರು ಹತ್ತಿ ಸವಳು ನೀರು ತಂದರು. ಕೆಲವು ದಿನಗಳಲ್ಲಿ ಹೊಸದಾಗಿ ಬೀಳುವವರು ಕಡಿಮೆಯಾದರು, ಆಮೇಲೆ ನಿಂತಿತು. ಮಳೆ ಬಂದು ಹಳ್ಳ ತುಂಬಿ ಹರಿದು ಎಲ್ಲವನ್ನೂ ತೊಳೆದುಕೊಂಡು ಹೋಯಿತು.

ಡಾಕ್ಟರ್ ಸಾಹೇಬರಿಗೆ ಕಾಗದದಲ್ಲಿ ನಿಜ ಬರೆಯಬೇಕೆಂದು ಎರಡು ಸಲ ಕೂತೆ. ಕೊನೆಗೆ ಕಳಿಸಿದ್ದು, 'ಜನರ ಮನವೊಲಿಸಿ ವರ್ತಿ ಬಿಡಿಸಲಾಯಿತು' ಎಂದು. ಚೆನ್ನಾಗಿ ಮಾಡಿದಿರಿ ಎಂದು ಅವರ ಉತ್ತರ ಬಂತು. ಚಪರಾಸಿ ಅದನ್ನು ತಂದುಕೊಟ್ಟ. ಏನು ಬರೆದಿದ್ದಾರೆ ಎಂದು ಅವನು ಕೇಳಲಿಲ್ಲ.

ಹಳ್ಳ ಹರಿಯಲು ಸುರುವಾದ ಮೇಲೆ ಒಂದು ಬೆಳಿಗ್ಗೆ ಆಯಿಯ ಮಗ ನನ್ನ ಬಾಗಿಲಿಗೆ ಬಂದ. ತಲೆಯ ಮೇಲೆ ಬಟ್ಟೆಯ ಗಂಟು. ರೋಗಕ್ಕೆ ಮೊದಲು ಒಗೆಯಲು ಹಾಕಿದ್ದ ನನ್ನ ಬಟ್ಟೆಗಳು. ಎಲ್ಲ ಒಗೆದು ಇಸ್ತ್ರಿ ಮಾಡಿ ಮಡಚಿದ್ದವು, ಒಂದು ಗುಂಡಿಯೂ ಹೋಗಿರಲಿಲ್ಲ. ಕಟ್ಟೆಯ ಮೇಲೆ ಇಟ್ಟ.

"ನೋಡಿ ತಗೋರಿ ಸಾಬ್ರ. ಇನ್ನ ಮ್ಯಾಲ ಬ್ಯಾರೆದವ್ರಿಗಿ ಹಾಕ್ರಿ."

"ಯಾಕೋ?" ಎಂದೆ. ಕೇಳುವ ಮಾತೇ ಅದು!

"ಆಯಿ ಹೇಳ್ಯಾಳ್ರಿ," ಎಂದು ನನ್ನ ಮುಖ ನೋಡದೆ ಇಳಿದು ಹೋದ.

ಬೇರೆಯವರು ಯಾರಿದ್ದರು? ಊರಿನ ಅಗಸರೆಲ್ಲ ಒಂದೇ ಓಣಿಯವರು, ಆಯಿ ಬಿಟ್ಟ ಮನೆಯನ್ನು ಮತ್ತೊಬ್ಬರು ಹಿಡಿಯುವುದಿಲ್ಲ. ಹುಮನಾಬಾದದಲ್ಲಿ ನಾನು ಇನ್ನೂ ಎರಡು ವರ್ಷ ಇದ್ದೆ. ಅಷ್ಟು ದಿನವೂ ಹಿತ್ತಲಲ್ಲಿ ಕೂತು ನನ್ನ ಬಟ್ಟೆ ನಾನೇ ಒಗೆದುಕೊಂಡೆ. ಯಾಕೆ ದರೋಗಾ ಸಾಹೇಬರೇ, ಅಗಸರಿಗೆ ಹಾಕುವುದಿಲ್ಲವೇ ಎಂದು ಪೇಟೆಯವರು ಕೇಳಿದರೆ, ಹಳ್ಳದಲ್ಲಿ ಒಗೆದ ಬಟ್ಟೆಯಿಂದ ರೋಗ ಬರುತ್ತದೆ, ಅವರ ಕೈಗೆ ಕೊಡಬಾರದು ಎಂದು ಹೇಳುತ್ತಿದ್ದೆ.